ಗುಳವಣಿ ಮಾಸ್ತರರ ಮೂರು

8 ಜನವರಿ 2018, ಸೋಮವಾರ

ಗುರುವಾರ ನನ್ನ ಪಿತ್ತಕೋಶ ತೆಗೆಯುತ್ತಾರೆ. ಅರವತ್ತೆಂಟು ವರ್ಷ ತಾನೊಂದು ಇದ್ದೇನೆಂದು ತಿಳಿಸದೆ ಇದ್ದ ಅಂಗ, ದೀಪಾವಳಿಯಿಂದೀಚೆಗೆ ಮೂರು ಸಲ ನನ್ನನ್ನು ನೆಲಕ್ಕೆ ಕೆಡವಿದೆ. ಒಳಗೆ ಕಲ್ಲುಗಳಿವೆಯಂತೆ. ಹೊಟ್ಟೆಗೆ ನಾಲ್ಕು ತೂತು ಹಾಕಿ, ಗಾಳಿ ತುಂಬಿ ಉಬ್ಬಿಸಿ, ಸಣ್ಣ ದುರ್ಬೀನು ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ.

ಡಾಕ್ಟರ್ ಶಿರಾಳಕರ್ ಒಂದೇ ವಿಷಯಕ್ಕೆ ಹುಬ್ಬು ಗಂಟಿಕ್ಕಿದರು. 1971ರಲ್ಲಿ ನನಗೆ ಕ್ಷಯವಾಗಿತ್ತು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ಅದರ ಕಲೆ ಇನ್ನೂ ಇದೆ.

"ಆಪರೇಶನ್ ಆದ ಮ್ಯಾಲೆ ನೀವು ಉದ್ದಕ್ಕ ಉಸಿರು ಎಳೀಬೇಕು, ಕೆಮ್ಮಬೇಕು, ನಡೀಬೇಕು" ಎಂದರು. "ನೋವಿಗೆ ಹೆದರಿ ಉಸಿರು ಹಿಡ್ಕೊಂಡು ಮಲಗಿದ್ರೆ ಕಫ ಕೂತು ನ್ಯುಮೋನಿಯಾ ಆಗ್ತದ. ನಿಮ್ಮ ಶ್ವಾಸಕೋಶಕ್ಕ ಅದು ಆಪರೇಶನ್‌ಗಿಂತ ದೊಡ್ಡ ಅಪಾಯ."

ನೋವಿಗೆ ಹೆದರುವ ಮನೆತನ ನಮ್ಮದಲ್ಲ ಎಂದೆ. ಅವರು ಅದನ್ನೂ ಬರೆದುಕೊಂಡರು.

ಮಿರಜದ ಈ ಆಸ್ಪತ್ರೆಯ ಸಮ್ಮತಿಪತ್ರದ ಮರಾಠಿಯಲ್ಲಿ ಒಂಬತ್ತು ತಪ್ಪುಗಳಿದ್ದವು. ಹೊಟ್ಟೆ ಕೊಯ್ಯುವವರು ಒಂದು ವಾಕ್ಯವನ್ನು ನೆಟ್ಟಗೆ ಹೊಲಿಯಲಾರರೆ? ತಿದ್ದಿ ಸಹಿ ಮಾಡಿದೆ. ಕೌಂಟರಿನ ಹುಡುಗಿ ಆ ಕಾಗದವನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು.

ಮನೆಯಲ್ಲಿ ವತ್ಸಲಾ ಚೀಲ ತುಂಬುತ್ತಿದ್ದಳು. ಪಂಚೆ, ಟವೆಲು, ಚಮಚ, ಈ ನೋಟುಬುಕ್ಕು. ನನ್ನ ಪೆನ್ನು ಕಂಡು ಕೈ ನಿಲ್ಲಿಸಿದಳು.

"ದವಾಖಾನಿಗೆ ಕೆಂಪು ಪೆನ್ನು ಯಾಕ್ರೀ? ಡಾಕ್ಟರಿಗೂ ಮಾರ್ಕ್ಸ್ ಹಾಕಾವ್ರೇನು?"

"ಹಾಕೋ ಹಂಗಿದ್ರ ಹಾಕೋದ."

"ಹಾಕ್ರಿ. ಆದ್ರ ಆಪರೇಶನ್ ಮುಗಿದ ಮ್ಯಾಲೆ ಹಾಕ್ರಿ. ಮದಲ ಹಾಕಿದ್ರ ಅಂವ ಒಳಗ ಕತ್ತರಿ ಬಿಟ್ಟಾನು."

ನಲವತ್ಮೂರು ವರ್ಷದಿಂದ ಈಕೆಗೆ ಮಾತಿನಲ್ಲಿ ಸೋಲುತ್ತಿದ್ದೇನೆ. ಊಟದ ಮೇಲೆ ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ಅಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಓಂಕಾಳಿನ ನೀರು ಕುಡಿಯುತ್ತಿದ್ದಳು. ವಾಯು ಎಂದಳು. ಚಿಂತೆಯಿಂದ ಇರಬೇಕು.

10 ಜನವರಿ, ಬುಧವಾರ

ದಾಖಲಾದೆ. ಎರಡು ಹಾಸಿಗೆಯ ಕೋಣೆ. ಪಕ್ಕದಲ್ಲಿ ಜತ್ ಕಡೆಯ ಲಾರಿ ಚಾಲಕ, ದಾದಾಸೋ ಪಾಟೋಳೆ. ನಿನ್ನೆ ಅಪೆಂಡಿಕ್ಸ್ ತೆಗೆಸಿಕೊಂಡಿದ್ದಾನೆ. ಮಿರಜದ ರೈಲು ನಿಲ್ದಾಣಕ್ಕೆ ಕೇಳಿಸುವಂತೆ ಕೂಗುತ್ತಾನೆ.

ಸಿಸ್ಟರ್ ಲಿಸಿ ಎಂಬಾಕೆ ಬಂದು ನೋವಿನ ಲೆಕ್ಕ ತಿಳಿಸಿದರು. ಕೊಟ್ಟಾಯಂ ಕಡೆಯವರು, ಮರಾಠಿ ಕಲಿತು ಎರಡು ವರ್ಷವಾಯಿತಂತೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ದೊಡ್ಡ ನೋವು. ನಾಲ್ಕು ದಾಟಿದರೆ ದೊಡ್ಡ ಇಂಜೆಕ್ಷನ್, ಅದಕ್ಕಿಂತ ಕಡಿಮೆಯಾದರೆ ಮಾತ್ರೆ.

"ಈಗ ಎಷ್ಟದ?" ಎಂದು ದಾದಾಸೋನನ್ನು ಕೇಳಿದರು.

"ಹನ್ನೊಂದು ಬರಕೊ ಅಕ್ಕಾ! ಹತ್ತು ಸಾಲೂದಿಲ್ಲ!"

ಆಕೆ ನಗದೆ ಬರೆದುಕೊಂಡು ಇಂಜೆಕ್ಷನ್ ಕೊಟ್ಟರು. ಸಂಜೆ ಅವನು ಕಾರಿಡಾರಿನಲ್ಲಿ ಫೋನಿನಲ್ಲಿ ಹರಟುತ್ತ ನಡೆದಾಡುತ್ತಿದ್ದ.

ಇದೆಂಥ ಮೌಲ್ಯಮಾಪನ? ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಮರಾಠಿ ಕಲಿಸಿದ್ದೇನೆ, ಹತ್ತೊಂಬತ್ತು ವರ್ಷ ಬೋರ್ಡಿನ ಉತ್ತರಪತ್ರಿಕೆ ತಿದ್ದಿದ್ದೇನೆ. ಪ್ರಬಂಧಕ್ಕೆ ಹತ್ತಕ್ಕೆ ಏಳನ್ನು ಇಡೀ ಬದುಕಿನಲ್ಲಿ ಇಬ್ಬರಿಗೆ ಕೊಟ್ಟೆ. ಎಂಟನ್ನು ಯಾರಿಗೂ ಕೊಟ್ಟಿಲ್ಲ. ಎಂಟು ಕೊಟ್ಟ ಮೇಲೆ ಇನ್ನೂ ಚೆನ್ನಾಗಿ ಬರೆಯುವವನಿಗೆ ಏನು ಕೊಡುವುದು? ಕೈಬಿಟ್ಟು ಅಂಕ ಸುರಿದದ್ದರಿಂದಲೇ ಈ ನಾಡಿನಲ್ಲಿ ಇಂದು ತೊಂಬತ್ತೈದು ಪ್ರತಿಶತ ಪಡೆದವನಿಗೂ ಒಂದು ಅರ್ಜಿ ಬರೆಯಲು ಬರುವುದಿಲ್ಲ. ಇದನ್ನು ನಾನು 1988ರಲ್ಲೇ ಪತ್ರಿಕೆಗೆ ಬರೆದಿದ್ದೆ. ಅರ್ಧ ಕತ್ತರಿಸಿ ಹಾಕಿದರು.

ವತ್ಸಲಾ ತಂದ ಡಬ್ಬಿಯನ್ನು ತಾನು ಮುಟ್ಟಲಿಲ್ಲ. ಬಸ್ಸಿನ ಕುಲುಕಾಟ ಎಂದಳು.

11 ಜನವರಿ, ಗುರುವಾರ

ಆಯಿತು. ಬರೆಯಲಾರೆ.

12 ಜನವರಿ, ಶುಕ್ರವಾರ

ತೂತುಗಳ ನೋವು ನೋವೇ ಅಲ್ಲ. ಅಲ್ಲಿ ಎಂದು ಬೆರಳಿಟ್ಟು ತೋರಿಸಬಹುದು, ಬೈಯಬಹುದು. ಇದು ಬೇರೆ. ಹೊಟ್ಟೆಯ ಆಳದಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಎಲ್ಲಿ ಎಂದರೆ ಎಲ್ಲ ಕಡೆ. ಅದರೊಂದಿಗೆ ವಾಕರಿಕೆ, ತಣ್ಣನೆಯ ಬೆವರು. ಉಸಿರು ಎಳೆದರೆ ಬಲ ಭುಜಕ್ಕೆ ಮೊಳೆ ಹೊಡೆದಂತಾಗುತ್ತದೆ. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು? ಕೇಳಿದರೆ "ಗ್ಯಾಸ್, ಹೋಗ್ತದ" ಎನ್ನುತ್ತಾರೆ.

ಶಸ್ತ್ರಚಿಕಿತ್ಸೆ ಎರಡೂವರೆ ಗಂಟೆ ಹಿಡಿಯಿತಂತೆ. ಪಿತ್ತಕೋಶ ಬಾತು, ಸುತ್ತ ಅಂಟಿಕೊಂಡಿತ್ತಂತೆ. ಹನ್ನೊಂದು ಕಲ್ಲು. ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟಿದ್ದಾರೆ. ಪ್ರಶಸ್ತಿ ಪ್ರದಾನ ಮಾಡಿದ ಹಾಗೆ ಕೊಟ್ಟರು.

ಬೆಳಿಗ್ಗೆ ಸಿಸ್ಟರ್ ಲಿಸಿ ಕೇಳಿದರು. ಮೂರು ಎಂದೆ. ಮಧ್ಯಾಹ್ನ ಕೇಳಿದರು. ಮೂರು. ಸಂಜೆ ಕೇಳಿದಾಗ, ಮಧ್ಯಾಹ್ನಕ್ಕಿಂತ ಒಂದು ಕೂದಲೆಳೆಯಷ್ಟು ಕಡಿಮೆ ಅನ್ನಿಸಿ, ಎರಡು ಎಂದೆ. ನ್ಯಾಯವಾಗಿ ಕೊಡಬೇಕು.

ಪ್ರತಿ ಸಲವೂ ಒಂದೊಂದು ಬಿಳಿ ಮಾತ್ರೆ. ಬೇರೇನೂ ಇಲ್ಲ. ಪಕ್ಕದ ಗಲಾಟೆಯವನಿಗೆ ಇಂಜೆಕ್ಷನ್, ಸುಮ್ಮನಿರುವವನಿಗೆ ಮಾತ್ರೆ. ಈ ದೇಶದ ಎಲ್ಲ ಕಚೇರಿಗಳಲ್ಲಿ ನಡೆಯುವುದೇ ಇಲ್ಲೂ ನಡೆದಿದೆ. ಕೂಗಿದವನ ಕಡತ ಮೇಲೆ.

ಆದರೆ ನಾನು ಕೂಗುವುದಿಲ್ಲ. ನನ್ನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, 1961ರ ಆಷಾಢದಲ್ಲಿ ಹೊಟ್ಟೆನೋವಿನಿಂದ ಸತ್ತಳು. ಏಕಾದಶಿಯ ದಿನ ಹತ್ತು ಜನಕ್ಕೆ ಸಾಬೂದಾಣಿ ಖಿಚಡಿ ಮಾಡಿ ಬಡಿಸಿ, ಪಾತ್ರೆ ತೊಳೆದು, ಮಲಗಿದಳು. ಮೂರನೆಯ ದಿನ ಹೋದಳು. ಒಂದು ಸಲವೂ ನರಳಲಿಲ್ಲ. ಅಪ್ಪ ಅದನ್ನು ಕೊನೆಯವರೆಗೂ ಹೇಳುತ್ತಿದ್ದರು. ನಮ್ಮ ಹುಟ್ಟೂರು ಆಷ್ಟಾದ ಗಲ್ಲಿಯಲ್ಲಿ ಇಂದಿಗೂ ಹೇಳುವವರಿದ್ದಾರೆ.

13 ಜನವರಿ, ಶನಿವಾರ, ಬೆಳಿಗ್ಗೆ

ಸಂಪಾದಕರಿಗೆ ಪತ್ರದ ಕರಡು:

"ಮಾನ್ಯರೆ, ಶಸ್ತ್ರಚಿಕಿತ್ಸೆಯ ಕೌಶಲ್ಯದ ಬಗ್ಗೆ ಹೆಮ್ಮೆಪಡುವ ನಮ್ಮ ಊರಿನ ಆಸ್ಪತ್ರೆಗಳಲ್ಲಿ ರೋಗಿಯ ನೋವಿನ ಬಗ್ಗೆ ಎಂಥ ಉದಾಸೀನವಿದೆ ಎಂಬುದನ್ನು ಸ್ವಂತ ಅನುಭವದಿಂದ"

ಉಳಿದದ್ದು ಆಮೇಲೆ.

ಅದೇ ದಿನ, ಮಧ್ಯಾಹ್ನ

ಜ್ವರ ನೂರೊಂದು. ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನವೊಂದನ್ನು ಕೊಟ್ಟಿದ್ದಾರೆ. ಕೊಳವೆಯಿಂದ ಉಸಿರು ಎಳೆದರೆ ಚೆಂಡುಗಳು ಮೇಲೇಳಬೇಕು. ನನ್ನದು ಒಂದೇ ಏಳುತ್ತದೆ, ಅದೂ ಕುಂಟುತ್ತ. ಡಾಕ್ಟರ್ ಶಿರಾಳಕರ್ ನನ್ನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಸರ್, ಬಲಗಡೆ ಕೆಳಗ ಗಾಳೀನೇ ಹೋಗವಲ್ದು. ನೋವು ಎರಡು ಮೂರು ಅಂತ ಚಾರ್ಟಿನ್ಯಾಗ ಬರದದ. ಹಂಗಾರ ಉಸಿರು ಯಾಕ ಎಳೀವಲ್ರಿ? ನಾಳಿತನಾ ಎರಡನೇ ಚೆಂಡು ಏಳಲಿಲ್ಲಂದ್ರ ಐಸಿಯೂಕ್ಕ ಒಯ್ಯಬೇಕಾಗ್ತದ."

ನಾನು ಹಠ ಮಾಡುತ್ತಿದ್ದೇನೆಂದು ಅವರ ಭಾವನೆ. ನಾನು! ವತ್ಸಲಾ ಬಾಗಿಲ ಬಳಿ ನಿಂತಿದ್ದಳು. ಮುಖ ಬಿಳಿಚಿತ್ತು. ಈ ಸಲ ಏನೂ ಹಾಸ್ಯ ಮಾಡಲಿಲ್ಲ.

ಅದೇ ದಿನ, ಸಂಜೆ

ಇದನ್ನು ಪೂರ್ತಿ ಬರೆದಿಡಬೇಕು. ಬರೆಯಲು ಆಗುತ್ತಿದೆ ಎಂಬುದೇ ಮೊದಲು ಬರೆಯಬೇಕಾದ ಮಾತು.

ಮೂರು ಗಂಟೆಗೆ ಪಾಳಿ ಬದಲಾಯಿತು. ಮೂವತ್ತೈದು ದಾಟಿದ, ಗಟ್ಟಿ ಮೈಯ, ದೊಡ್ಡ ಕುಂಕುಮದ ಹೆಣ್ಣುಮಗಳೊಬ್ಬಳು ಬಂದಳು. ವಾರದ ರಜೆ ಮುಗಿಸಿ ಇವತ್ತೇ ಕೆಲಸಕ್ಕೆ ಬಂದವಳು. ಬಾಗಿಲಲ್ಲೇ ನಿಂತಳು.

"ಗುಳವಣಿ ಸರ್ ಅಲ್ಲೇನ್ರಿ? ನಾ ಅರುಣಾ, ಸರ್. ಅರುಣಾ ವಾಘ್ಮೋಡೆ. ತೊಂಬತ್ತಾರರ ಒಂಬತ್ತನೇತ್ತಾ. ಕಿಟಕಿ ಕಡಿ ಮೂರನೇ ಬೆಂಚು."

ನನಗೆ ಊರಿನ ಪ್ರತಿ ಹಳೆಯ ರಸ್ತೆಯ ಹೆಸರು ನೆನಪಿದೆ. ಈ ಮುಖ ನೆನಪಾಗಲಿಲ್ಲ. ಹಾಗೆಂದು ಹೇಳಿದೆ.

"ನೆನಪಿರೂದಿಲ್ರಿ. ನಾಕು ಮಾರ್ಕ್ಸಿನಾಕಿ ನಾ" ಎಂದು ನಕ್ಕು ಚಾರ್ಟ್ ತೆಗೆದಳು. ಓದುತ್ತಿದ್ದಂತೆ ನಗು ನಿಂತಿತು. ಒಂದು ಗಳಿಗೆಯ ಮೇಲೆ ಮತ್ತೆ ನಕ್ಕಳು, ಬೇರೆ ರೀತಿಯ ನಗು.

"ಮೂರು, ಮೂರು, ಎರಡು, ಮೂರು. ಅಯ್ಯಯ್ಯ. ಲಿಸಿ ಸಿಸ್ಟರ್‌ಗೇನು ಗೊತ್ತು ಪಾಪ. ಆಕಿ ನಿಮ್ಮ ಕೈಯಾಗ ಕಲ್ತಿಲ್ಲಲ್ಲ!"

"ಅಂದ್ರ?"

"ಸರ್, ಜಗದಾಳೆ ಸರ್ ಕಡಿ ಒಂಬತ್ತು ತಗೊಳ್ಳಾವ್ರು ನಿಮ್ಮ ಕಡಿ ನಾಕು ತಗೋತಿದ್ವಿ. ಮನ್ಯಾಗ ಬೈದ್ರ 'ಇವು ಗುಳವಣಿ ಸರ್ ಮಾರ್ಕ್ಸು, ಎರಡಪಟ್ಟು ಮಾಡ್ಕೊಂಡು ಓದ್ರಿ' ಅಂತಿದ್ವಿ. ಇಡೀ ಸಾಲಿಗೆ ಗೊತ್ತಿತ್ತು. ನಿಮಗೊಬ್ಬರಿಗೇ ಗೊತ್ತಿರಲಿಲ್ಲ."

ಪಕ್ಕದ ಹಾಸಿಗೆಯಿಂದ ದಾದಾಸೋ, "ಮಾಸ್ತರ, ಹಂಗಾರ ನಿಮ್ಮ ಲೆಕ್ಕದಾಗ ನಂದು ಎಷ್ಟಾತು?" ಎಂದ.

"ನಿನಗ ಸೊನ್ನಿ ಕೊಡ್ತಿದ್ರು. ಸುಮ್ಮನ ಬೀಳು" ಎಂದಳು ಅರುಣಾ.

ಆಮೇಲೆ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. "ಈಗ ಅಂಕಿ ಬ್ಯಾಡ್ರಿ ಸರ್. ಎಲ್ಲಿ ನೋಯ್ತದ, ಕೈಲೆ ತೋರಸ್ರಿ."

ತೋರಿಸಿದೆ. ತೋರಿಸಿದ ಮೇಲೆ ನನಗೇ ಕಂಡಿತು, ಬೆರಳನ್ನಲ್ಲ, ಇಡೀ ಅಂಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಿದ್ದೆ.

"ಹೊಲಿಗಿ ನೋವಿಗೆ ಮಂದಿ ಬೆರಳು ಇಡ್ತಾರ" ಎಂದಳು. "ಒಳಗಿನ ನೋವಿಗೆ ಅಂಗೈ. ಒಳಗ ಎಲ್ಲಿ ಅಂತ ಅದಕ್ಕ ಹೇಳಾಕ ಬರೂದಿಲ್ರಿ. ಅಂಕಿ ಸುಳ್ಳು ಹೇಳಬಹುದು, ಕೈ ಹೇಳೂದಿಲ್ಲ. ಉಸಿರು ಎಳದ್ರ ಅಲ್ಲೇ ನಿಂದರ್ತದ, ಹೌದಿಲ್ಲೋ? ಬೆವತೀರಿ, ನಾಡಿ ಓಡಾಕತ್ತೇತಿ. ಇದು ಮೂರಲ್ಲ ಸರ್. ನಾ ಏಳು ಬರ್ಕೋತೀನಿ."

"ಸುಳ್ಳು ಅಂಕ ಬರೀಬ್ಯಾಡ" ಎಂದೆ.

"ಸುಳ್ಳಲ್ರಿ. ಮರುಮೌಲ್ಯಮಾಪನ."

ಆದರೆ ಆಕೆ ಓಡಿಹೋಗಿ ಸೂಜಿ ಚುಚ್ಚಲಿಲ್ಲ. ಏಳರ ನೋವು ಎರಡನೇ ದಿನಕ್ಕಿದ್ದರೆ ಒಳಗೆ ಬೇರೇನಾದರೂ ಆಗಿದೆಯೇ ಎಂದು ಮೊದಲು ನೋಡಬೇಕು ಎಂದು ಡಾಕ್ಟರಿಗೆ ಫೋನು ಮಾಡಿದಳು. ಅವರು ಹತ್ತು ನಿಮಿಷದಲ್ಲಿ ಬಂದರು. ಹೊಟ್ಟೆಯ ಸ್ಕ್ಯಾನ್, ರಕ್ತ, ಎದೆಯ ಎಕ್ಸ್‌ರೇ. ಪಿತ್ತ ಸೋರಿಲ್ಲ. ಬಾತು ಅಂಟಿಕೊಂಡಿದ್ದನ್ನು ಬಿಡಿಸಿದ್ದರ ನೋವು, ಹೊಟ್ಟೆಗೆ ತುಂಬಿದ ಗಾಳಿಯ ಉಳಿಕೆ, ಮತ್ತು ನನ್ನ ಮೂರು. ಶ್ವಾಸಕೋಶದ ಕೆಳಭಾಗ ಮುದುಡಲು ತೊಡಗಿದೆ, ಇನ್ನೂ ಸೋಂಕು ಬಲಿತಿಲ್ಲ. ಇವತ್ತು ತಡೆದರೆ ತಡೆಯಿತು.

ಸಲೈನಿನ ಜೊತೆ ಸಣ್ಣ ಪ್ರಮಾಣದಲ್ಲಿ ಆ ದೊಡ್ಡ ಇಂಜೆಕ್ಷನ್, ವಾಕರಿಕೆಗೆ ಬೇರೆ. ಇನ್ನು ಮೇಲೆ ಮಾತ್ರೆಗಳು ಕೇಳಿ ಕೊಡುವುದಲ್ಲ, ಗಡಿಯಾರ ನೋಡಿ ಕೊಡುವುದು. ತಲೆಯ ಕಡೆ ಹಾಸಿಗೆ ಎತ್ತಿದರು. ಕೆಮ್ಮುವಾಗ ಹೊಟ್ಟೆಗೆ ಒತ್ತಿ ಹಿಡಿಯಲು ಅರುಣಾ ದಿಂಬು ಮಡಚಿ ಕೊಟ್ಟಳು. ಭುಜಕ್ಕೆ ಬಿಸಿನೀರಿನ ಚೀಲ.

ಅರ್ಧ ಗಂಟೆಯಲ್ಲಿ ಆ ಹಿಂಡುವ ಕೈ ಬಟ್ಟೆಯನ್ನು ಬಿಟ್ಟಿತು. ಹೋಗಲಿಲ್ಲ, ಬಿಟ್ಟಿತು. ನೋವು ದೂರದಲ್ಲಿ ಕೂತು ನನ್ನನ್ನು ನೋಡುತ್ತಿದೆ, ನಾನು ಅದನ್ನು ನೋಡುತ್ತಿದ್ದೇನೆ. ಎರಡು ದಿನದ ಮೇಲೆ ಮೊದಲ ಬಾರಿಗೆ ಕಿಟಕಿಯಾಚೆ ಬೇವಿನ ಮರವಿದೆ ಎಂಬುದು ಕಂಡಿತು.

ಐದೂವರೆಗೆ ನೀಲಿ ಚೆಂಡು ಎದ್ದಿತು. ಎರಡನೆಯದು. ದಾದಾಸೋ ಚಪ್ಪಾಳೆ ಹೊಡೆದು ತನ್ನ ಹೊಲಿಗೆ ನೋಯಿಸಿಕೊಂಡ. ವತ್ಸಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ಬೈದಳು.

"ನಲವತ್ಮೂರು ವರ್ಷ ನನ್ನ ಬ್ಯಾಳಿ ಆಮ್‌ಟಿಗೆ 'ನಡೀತದ' ಅಂದೀರಿ. ಅಂದ್ರ ಅದು ಛೊಲೋನ ಇತ್ತೇನು?"

"ಬಹಳ ಛೊಲೋ ಇತ್ತು" ಎಂದೆ. ಔಷಧದ ಮಂಪರಿನಲ್ಲಿದ್ದೆ. ಆದರೂ ನಿಜ.

14 ಜನವರಿ, ಭಾನುವಾರ. ಸಂಕ್ರಾಂತಿ

ಜ್ವರ ತೊಂಬತ್ತೊಂಬತ್ತು. ಅರುಣಾ ನನ್ನನ್ನು ಎಬ್ಬಿಸಿ ಕಾರಿಡಾರಿನ ಕೊನೆಯವರೆಗೆ ನಡೆಸಿದಳು. ನಡೆದರೆ ಗಾಳಿ ಸರಿಯುತ್ತದೆ. ಏಳನೆಯ ಕೋಣೆಯ ಎದುರು ಅದು ಸರಿಯಿತು, ಸದ್ದಿನೊಂದಿಗೆ. ಮೂವತ್ತನಾಲ್ಕು ವರ್ಷ ಶಿಸ್ತಿಗೆ ಹೆಸರಾದ ಮನುಷ್ಯ ತನ್ನ ವಿದ್ಯಾರ್ಥಿನಿಯ ತೋಳು ಹಿಡಿದು ನಿಂತು ಮಾಡಿದ ಕೆಲಸ ಅದು.

"ಭೇಷ್ ಸರ್! ಇದಕ್ಕ ಹತ್ತಕ್ಕ ಹತ್ತು" ಎಂದಳು.

ನಾನು ಅಷ್ಟು ನಕ್ಕಿದ್ದು ಯಾವಾಗಲೋ. ನಕ್ಕರೆ ನಾಲ್ಕೂ ತೂತು ನೋಯುತ್ತವೆ. ದಿಂಬು ಹಿಡಿದು ನಕ್ಕೆ. ಭುಜದ ಮೊಳೆಯೂ ಸಡಿಲಾಗಿದೆ. ಉಬ್ಬಿಸಿದ ಗಾಳಿ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು ಕೆರಳಿಸುತ್ತದೆ, ಆ ಪರದೆಯ ನರಕ್ಕೂ ಭುಜದ ನರಕ್ಕೂ ಬೇರು ಒಂದೇ, ಮಿದುಳು ಗೊಂದಲಪಡುತ್ತದೆ ಎಂದು ಡಾಕ್ಟರ್ ಚಿತ್ರ ಬರೆದು ತಿಳಿಸಿದರು. ವಯಸ್ಸಿನಲ್ಲಿ ಹುಡುಗ, ಚೆನ್ನಾಗಿ ಕಲಿಸುತ್ತಾರೆ. ನನ್ನನ್ನು ಹಠಮಾರಿ ಎಂದುಕೊಂಡದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಸಿಸ್ಟರ್ ಲಿಸಿಯೂ ಬಂದು, "ಇನ್ನು ನಾನು ಕೈ ನೋಡ್ತೀನಿ ಸರ್, ಅಂಕಿ ಮಾತ್ರ ಅಲ್ಲ" ಎಂದರು. ಆಕೆಯ ತಪ್ಪೇನಿತ್ತು? ನಾನು ಹೇಳಿದ್ದನ್ನು ಆಕೆ ಬರೆದುಕೊಂಡರು.

ಸಂಜೆ ಅರುಣಾ ಎಳ್ಳುಬೆಲ್ಲದ ತಿಳಗುಳ ತಂದಳು. ನನಗೆ ಎಣ್ಣೆಕಾಳು ಹೆಚ್ಚು ಕೂಡದೆಂದು ಒಂದು ಲಾಡು ಒಡೆದು ಕಡಲೆಯಷ್ಟು ತುಂಡನ್ನು ಕೈಗಿಟ್ಟಳು. ಅದನ್ನು ಕೊಟ್ಟ ಮೇಲೆ ಇನ್ನು ಸಿಹಿಯಾಗಿ ಮಾತಾಡಿ ಎನ್ನುವುದು ನಮ್ಮಲ್ಲಿ ಪದ್ಧತಿ. ಆಕೆ ಹಾಗೆನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಸರ್, ಒಂದು ಕೇಳಲೇನ್ರಿ? ಸಿಟ್ಟಾಗಬಾರ್ದು" ಎಂದಳು.

"ಕೇಳು."

"ಒಂಬತ್ತನೇತ್ತಾದಾಗ ನೀವು ನಿಮ್ಮ ಆಯಿ ಕಥಿ ಹೇಳಿದ್ರಿ. ಏಕಾದಶಿದು. ಒಂದು ಸಲಾನೂ ನರಳಲಿಲ್ಲ ಅಂತ. ನಾವೆಲ್ಲಾ ಹುಡುಗ್ಯಾರು ಅತ್ತಿದ್ವಿ. ಹಂಗ ಇರಬೇಕು ಅನ್ಕೊಂಡಿದ್ವಿ. ನರ್ಸ್ ಆದ ಮ್ಯಾಲ ಅದು ನೆನಪಾದಾಗೆಲ್ಲ ನನಗ ಸಂಕಟ ಆಕ್ಕೇತಿ. ಮೂರು ದಿನದಾಗ ಆಕಿನ ಒಬ್ಬರೂ ಕೇಳಲಿಲ್ಲೇನ್ರಿ, ಎಷ್ಟು ನೋವೈತಿ ಅಂತ?"

ಅಪ್ಪ ಕೇಳಿದ್ದರೇನು? ಅಜ್ಜಿ? ವೈದ್ಯರು ಬಂದಿದ್ದರೇನು? ಯಾವುದೂ ನೆನಪಾಗಲಿಲ್ಲ. ನನಗೆ ಹನ್ನೊಂದು ವರ್ಷ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ, ಬೀಸಣಿಗೆ ಹಿಡಿದು. ಅವಳ ಅಂಗೈ ಪಕ್ಕೆಲುಬಿನ ಕೆಳಗೆ, ಸೀರೆಯ ಮೇಲೆ, ಚಪ್ಪಟೆಯಾಗಿ ಒತ್ತಿಕೊಂಡಿತ್ತು. ಐವತ್ತಾರು ವರ್ಷ ಅವಳ ಮೌನವನ್ನು ನೆನಪಿಟ್ಟೆ. ಕೈಯನ್ನು ಇವತ್ತು ನೆನಪಿಸಿಕೊಂಡೆ.

"ಇಲ್ಲ" ಎಂದೆ. "ಯಾರೂ ಕೇಳಲಿಲ್ಲ."

ಆಕೆ ನನ್ನ ಕಾಲಿನ ಮೇಲಿನ ಹೊದಿಕೆ ಸರಿಮಾಡಿ ಹೋದಳು.

ಇವತ್ತು ಚಳಿಯಿತ್ತು. ವತ್ಸಲಾ ಮಾತ್ರ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತು ಬೆವರೊರೆಸಿಕೊಳ್ಳುತ್ತಿದ್ದಳು. ಆಸ್ಪತ್ರೆಗಳಲ್ಲಿ ಗಾಳಿಯಾಡುವುದಿಲ್ಲ. ಕಿಟಕಿಗಳ ಬಗ್ಗೆ ಯಾರಾದರೂ ಬರೆಯಬೇಕು.

16 ಜನವರಿ, ಮಂಗಳವಾರ

ಮನೆ. ಮೂರೂ ಚೆಂಡು ಎದ್ದವು. ಎದೆ ತಿಳಿಯಾಗಿದೆ.

ಹೊರಡುವಾಗ ಅರುಣಾಳನ್ನು ಕೇಳಿದೆ, ಆ ನಾಲ್ಕು ಅಂಕದ ಪ್ರಬಂಧ ಯಾವುದು ಎಂದು. ಅವರ ಹಟ್ಟಿಯ ಕುರಿಯೊಂದು ಮರಿ ಹಾಕಲಾರದೆ ಒದ್ದಾಡಿದ ಬಗ್ಗೆ ಬರೆದಿದ್ದಳಂತೆ. ಕುರಿ ಅತ್ತಿತು ಎಂದು ಬರೆದಿದ್ದಕ್ಕೆ ಅಡಿಗೆರೆ ಎಳೆದು "ಪ್ರಾಣಿಗಳು ಅಳುವುದಿಲ್ಲ. ಉತ್ಪ್ರೇಕ್ಷೆ ಬೇಡ" ಎಂದು ಅಂಚಿನಲ್ಲಿ ಬರೆದಿದ್ದೆನಂತೆ.

"ಅದು ತಪ್ಪಾಯ್ತು" ಎಂದೆ. "ಆರೂವರೆ ಕೊಡಬೇಕಿತ್ತು."

"ಆರೂವರೆ!" ಎಂದು ಬಾಯಿ ಮೇಲೆ ಕೈಯಿಟ್ಟಳು. "ಬ್ಯಾಡ್ರಿ ಸರ್, ನಾಕ ಇರ್ಲಿ. ಆ ನಾಕು ಗೊತ್ತಿತ್ತಂತನ ನಿಮ್ಮ ಮೂರು ತಿಳೀತು."

ದಾದಾಸೋ ನನ್ನ ಚೀಲ ಹೊರಬೇಕೆಂದು ಹಠ ಮಾಡಿದ. ಭಾರ ಎತ್ತಬಾರದೆಂದು ಸಿಸ್ಟರುಗಳು ಅವನನ್ನು ಬೈದು ತಡೆದರು. ಆಟೋದವರೆಗೆ ಬಂದು, "ಮಾಸ್ತರ, ಮುಂದಿನ ಸಲ ನನ್ನಂಗ ಕೂಗ್ರಿ. ಬರಲಿಲ್ಲಂದ್ರ ಫೋನು ಹಚ್ಚರಿ, ನಿಮ್ಮ ಪರವಾಗಿ ನಾ ಕೂಗ್ತೀನಿ" ಎಂದ. ಒಳ್ಳೆಯ ಮನುಷ್ಯ.

20 ಜನವರಿ, ಶನಿವಾರ

ಗಡಿಯಾರದಂತೆ ಮಾತ್ರೆ, ದಿನಕ್ಕೆ ನಾಲ್ಕು ಸಲ ನಡಿಗೆ, ಗಂಟೆಗೊಮ್ಮೆ ಚೆಂಡು. ಆಳದ ನೋವು ಈಗ ಊಟದ ಮೇಲೆ ಸ್ವಲ್ಪ ಹೊತ್ತು ಬಂದು ಹೋಗುತ್ತದೆ. ಬಂದಾಗ ನಿಜವಾದ ಅಂಕಿ ಬರೆದಿಡುತ್ತೇನೆ. ನಿನ್ನೆ ನಾಲ್ಕು, ಇವತ್ತು ಎರಡೂವರೆ. ಅರೆ ಅಂಕ ಕೊಡುವುದು ಆಸ್ಪತ್ರೆಯ ಪದ್ಧತಿಯಲ್ಲಿಲ್ಲ. ಇರಬೇಕು.

ಸಂಪಾದಕರಿಗೆ ಬರೆದ ಕರಡು ಈ ನೋಟುಬುಕ್ಕಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. "ಉದಾಸೀನ" ಎಂಬ ಪದವನ್ನು ಎಷ್ಟು ಒತ್ತಿ ಬರೆದಿದ್ದೇನೆಂದರೆ ಹಾಳೆಯ ಹಿಂಬದಿಗೂ ಮೂಡಿದೆ. ಬೇರೆ ಪತ್ರ ಬರೆದೆ. ನೋವನ್ನು ಕೇಳುವ ಕೆಲಸವೂ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡ ವಿದ್ಯೆಯೆಂದು, ಅದನ್ನು ಬಲ್ಲವರಿಂದ ನಾನು ಉಸಿರಾಡುತ್ತಿದ್ದೇನೆಂದು, ಉತ್ತರಪತ್ರಿಕೆ ತಿದ್ದುವವರ ತಪ್ಪನ್ನು ತಿದ್ದುವವರೂ ಇರುತ್ತಾರೆಂದು. ಅರ್ಧ ಕತ್ತರಿಸುತ್ತಾರೆ. ಕತ್ತರಿಸಲಿ. ಅರುಣಾಳ ಹೆಸರಿರುವ ಅರ್ಧವನ್ನು ಉಳಿಸಿದರೆ ಸಾಕು.

ವತ್ಸಲಾ ನನಗೆಂದು ಎಣ್ಣೆಯಿಲ್ಲದ ಸಪ್ಪೆ ಅಡುಗೆ ಮಾಡುತ್ತಾಳೆ. ತಾನೂ ಅದನ್ನೇ ಉಣ್ಣುತ್ತಾಳೆ, ಅದೂ ಅರ್ಧ. ನನ್ನ ಪಥ್ಯದಲ್ಲಿ ಪಾಲುಗೊಳ್ಳುತ್ತಿದ್ದಾಳೆ. ಈ ವಯಸ್ಸಿನಲ್ಲಿ ಇಂಥ ಪ್ರೀತಿ.

28 ಜನವರಿ, ಭಾನುವಾರ

ಪತ್ರ ಇವತ್ತಿನ ಪುರವಣಿಯಲ್ಲಿ ಬಂದಿದೆ. ಪೂರ್ತಿ. ಒಂದು ಅಲ್ಪವಿರಾಮವನ್ನೂ ಮುಟ್ಟಿಲ್ಲ. ವತ್ಸಲಾಗೆ ಓದಿ ಹೇಳೋಣವೆಂದು ಪತ್ರಿಕೆ ಹಿಡಿದು ಅಡುಗೆಮನೆಗೆ ಹೋದೆ.

ಸ್ಟೂಲಿನ ಮೇಲೆ ಕೂತಿದ್ದಳು. ಓಂಕಾಳಿನ ನೀರಿನ ಲೋಟ ಪಕ್ಕದಲ್ಲಿ. ಕಣ್ಣು ಮುಚ್ಚಿತ್ತು. ಮೇಲ್ದುಟಿಯಲ್ಲಿ ಬೆವರು. ಬಲಗೈಯ ಅಂಗೈ ಪಕ್ಕೆಲುಬಿನ ಕೆಳಗೆ, ಸೀರೆಯ ಮೇಲೆ, ಚಪ್ಪಟೆಯಾಗಿ ಒತ್ತಿಕೊಂಡಿತ್ತು.

ಪತ್ರಿಕೆಯನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟೆ. ಅವಳ ಎದುರು ನೆಲದ ಮೇಲೆ ಕೂತೆ. ಹೊಲಿಗೆ ಎಳೆಯಿತು, ಕೂತೆ.

"ಎಷ್ಟದ?" ಎಂದು ಕೇಳಿದೆ.

"ಏನು ಎಷ್ಟದ?"

"ನೋವು."

ನನ್ನನ್ನು ವಿಚಿತ್ರವಾಗಿ ನೋಡಿದಳು. "ಏನಿಲ್ರೀ. ವಾಯು. ಉಂಡ ಮ್ಯಾಲ ಒಂದೀಟು ಹಿಡಿತದ, ಬಿಡ್ತದ."

"ಎಂದಿಂದ?"

"ಹ್ವಾದ ಮಳಿಗಾಲದಿಂದ ಇರಬೇಕು. ನಿಮ್ಮ ಗದ್ದಲದಾಗ ಇದೇನು ಹೇಳೋದು ಅಂತ..."

"ಸೊನ್ನಿಯಿಂದ ಹತ್ತು. ಹೇಳು."

"ಎರಡು" ಎಂದಳು. ಸ್ವಲ್ಪ ಯೋಚಿಸಿ, "ಒಂದೂವರಿ ಅನ್ರಿ" ಎಂದಳು.

ಮಗಳನ್ನು ಹೆರುವಾಗ ಹದಿನೆಂಟು ಗಂಟೆ ಕಳೆದ ಮೇಲೆ, ಹೇಗಿತ್ತು ಎಂದರೆ "ಸ್ವಲ್ಪ ತ್ರಾಸಾತು" ಎಂದಿದ್ದವಳು ಇವಳು. ಬಡಿಸುವಾಗ ಹತ್ತು ಜನಕ್ಕೂ ತುಂಬ ಬಡಿಸಿ ಪಾತ್ರೆಯ ತಳಕ್ಕಂಟಿದ್ದನ್ನು ತನಗೆಂದು ಉಳಿಸಿಕೊಳ್ಳುವವಳು. ಇವಳ ಅಂಕಗಳ ಮುಂದೆ ನಾನು ಧಾರಾಳಿ.

ಅರುಣಾಗೆ ಫೋನು ಮಾಡಿದೆ. ಅಂಗೈ, ಬೆವರು, ಊಟದ ಮೇಲೆ, ಮಳೆಗಾಲದಿಂದ, ಎಲ್ಲ ಹೇಳಿದೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ, ಒಂಬತ್ತಕ್ಕೆ ಸ್ಕ್ಯಾನ್, ನಾನೇ ಬಾಗಿಲಲ್ಲಿರ್ತೀನಿ ಎಂದಳು. ಕಲ್ಲೇ ಆಗಿದ್ದರೆ ಈಗ ಸಿಕ್ಕಿದ್ದು ಒಳ್ಳೆಯದಾಯಿತು, ಹೆದರಬೇಡಿ ಎಂದಳು. ಆಮೇಲೆ ಕೇಳಿದಳು, "ಸರ್, ಎಷ್ಟು ಅಂದ್ರು?"

"ಎರಡು."

"ನೀವು ಎಷ್ಟು ಬರ್ಕೊಂಡ್ರಿ?"

ಎಂಟು ಎಂದೆ.

ಚೀಲ ತುಂಬಿದ್ದೇನೆ. ಸೀರೆ, ಟವೆಲು, ಚಮಚ. ಒಳಗಿನಿಂದ ವತ್ಸಲಾ, "ಕೆಂಪು ಪೆನ್ನು ಇಟ್ಕೊಂಡ್ರೇನು?" ಎಂದು ಕೂಗಿದಳು.

ಇಲ್ಲೇ ಕೈಯಲ್ಲಿದೆ. ಇದನ್ನು ಅದರಿಂದಲೇ ಬರೆಯುತ್ತಿದ್ದೇನೆ: ವತ್ಸಲಾ ಶ್ರೀಪಾದ ಗುಳವಣಿ. 28 ಜನವರಿ. ಹತ್ತಕ್ಕೆ ಎಂಟು.